ಕಷ್ಟ ಬರುವ ಮುಂಚೆ ಬಾಯಿಪಾಠ ಆಗಿರಬೇಕಾದದ್ದು

ಐಸಿಯು ಬಾಗಿಲ ಮುಂದೆ ಕೂತವರ ಮಡಿಲಲ್ಲಿ ಸತ್ಯವೇದ (ಬೈಬಲ್) ತೆರೆದಿರುತ್ತದೆ. ಒಂದೇ ಸಾಲನ್ನು ನಾಲ್ಕು ಸಲ ಓದಿರುತ್ತಾರೆ, ಒಂದಕ್ಷರವೂ ತಲೆಗೆ ಹೋಗಿರುವುದಿಲ್ಲ. ಅದು ನಂಬಿಕೆಯ ಕೊರತೆಯಲ್ಲ, ಗಾಬರಿಯಾದ ತಲೆ ಕೆಲಸ ಮಾಡುವುದೇ ಹಾಗೆ. ಆ ಹೊತ್ತಿಗೆ ಹೊಸದೇನೂ ಒಳಗಿಳಿಯದು, ಮೊದಲೇ ನಾಲಿಗೆಯ ಮೇಲೆ ಇದ್ದದ್ದಷ್ಟೇ ಹೊರಬರುತ್ತದೆ. ಪ್ರಾರ್ಥನೆಯನ್ನು ನಿಷೇಧಿಸುವ, ಮೀರಿದವರನ್ನು ಸಿಂಹಗಳ ಗವಿಗೆ ಹಾಕುವ ಆಜ್ಞೆಗೆ ರುಜು ಬಿದ್ದದ್ದು ತಿಳಿದ ಮೇಲೆ ದಾನಿಯೇಲ ಏನು ಮಾಡಿದ ಅಂತ ಅವನ ಪುಸ್ತಕದ 6:10ರಲ್ಲಿ ನೋಡಿ: ಮನೆಗೆ ಹೋಗಿ, ಮೊದಲಿನಿಂದ ಮಾಡುತ್ತಿದ್ದಂತೆಯೇ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಸಿಂಹಗಳಿಗಾಗಿ ಅಂತ ಹೊಸ ಪ್ರಾರ್ಥನೆ ಹುಡುಕಲಿಲ್ಲ.

ನಮ್ಮಲ್ಲಿ ಹೆಚ್ಚಿನವರ ಸಿದ್ಧತೆ ಅಂದರೆ ಬಿಡಿ ವಾಗ್ದಾನ ವಚನಗಳ ಸಂಗ್ರಹ. ಹೂವಿನ ಚಿತ್ರದ ಮೇಲೆ ಒಂದು ವಾಕ್ಯ, ಬೆಳಿಗ್ಗೆ ಆರಕ್ಕೆ ಗ್ರೂಪಿಗೆ ಬರುತ್ತದೆ. ನನಗೆ ಇದರ ಬಗ್ಗೆ ತಕರಾರಿದೆ. ಎಲ್ಲರಿಗೂ ಗೊತ್ತಿರುವ ಯೆರೆಮೀಯ 29:11 ತೆಗೆದುಕೊಳ್ಳಿ. ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಇದೆ ಅನ್ನುವ ವಚನ. ಅದರ ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಸದ್ಯಕ್ಕೆ ವಾಪಸು ಬರುವುದಿಲ್ಲ ಅನ್ನುವ ಪತ್ರ. ಒಂದು ಅಧ್ಯಾಯ ಹಿಂದೆ ಹೋದರೆ ಹನನ್ಯ ಸಿಗುತ್ತಾನೆ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂದವನು. ಜನರಿಗೆ ಅವನ ಮಾತು ಎಷ್ಟು ಹಿತವಾಗಿತ್ತೋ! ಅವನದು ಸುಳ್ಳು ಪ್ರವಾದನೆ, ಅದೇ ವರ್ಷ ಸತ್ತ. ಬಿಡಿ ವಚನ ಹಿಡಿದವರು ಗೊತ್ತಿಲ್ಲದೆ ಯೆರೆಮೀಯನ ಬಾಯಲ್ಲಿ ಹನನ್ಯನ ಮಾತು ಹಾಕಿಬಿಡುತ್ತಾರೆ. ಆರು ತಿಂಗಳಾದರೂ ಕೆಲಸ ಸಿಗದಿದ್ದಾಗ ದೇವರು ಮಾತು ತಪ್ಪಿದ ಅಂತ ಕುಸಿಯುತ್ತಾರೆ. ತಪ್ಪಿದ್ದು ಮಾತಲ್ಲ, ಓದು.

ಹಾಗಾಗಿ ಬಿಡಿ ವಚನ ಬಿಟ್ಟು, ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಇಡೀ ಕೀರ್ತನೆ ಕಲಿಯಿರಿ. ನಾಲ್ಕು ಸಾಕು: 13, 23, 46, 121. ಕ್ರಮವಾಗಿ 6, 6, 11, 8 ವಚನ, ಒಟ್ಟು 31. ವಾರಕ್ಕೆ ಎರಡು ವಚನದಂತೆ ನಾಲ್ಕು ತಿಂಗಳ ಕೆಲಸ, ಆತುರ ಬೇಡ. ಒಂದೇ ಭಾಷಾಂತರ ಹಿಡಿಯಿರಿ. ಹಳೆಯದರಲ್ಲಿ ಅರ್ಧ, ಹೊಸದರಲ್ಲಿ ಅರ್ಧ ಕಲಿತವರು ನಡುವೆ ತಡವರಿಸುತ್ತಾರೆ. ಕೈಯಲ್ಲಿ ಒಂದು ಸಲ ಬರೆಯಿರಿ. ಆಮೇಲೆ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಬರೆದ ಚೀಟಿ ನೋಡಿಕೊಂಡು ಗಟ್ಟಿಯಾಗಿ ಹೇಳಿ, ಕೊನೆಗೆ ಚೀಟಿ ಮುಚ್ಚಿ. ಮನಸ್ಸಿನಲ್ಲಿ ಹೇಳಿಕೊಂಡರೆ ಬಂದಂತೆ ಅನ್ನಿಸುತ್ತದೆ, ಬಾಯಿ ತೆರೆದಾಗ ಬಂದಿಲ್ಲ ಅಂತ ಗೊತ್ತಾಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ದಿನವೂ ಒಂದನೇ ವಚನದಿಂದಲೇ ಶುರು ಮಾಡುತ್ತಾರೆ, ಹಾಗಾಗಿ ಮೊದಲೆರಡು ವಚನ ನೂರು ಸಲ ಆಗಿರುತ್ತದೆ, ಕೊನೆಯದು ಹತ್ತು ಸಲ. ಸಂಕಟದಲ್ಲಿ ಅರ್ಧಕ್ಕೆ ನಿಂತುಹೋಗುತ್ತದೆ. 13ನೇ ಕೀರ್ತನೆ ಅರ್ಧಕ್ಕೆ ನಿಂತರೆ ದೂರು ಮಾತ್ರ ಉಳಿಯುತ್ತದೆ! ಕೊನೆಯ ವಚನದಿಂದ ಹಿಂದಕ್ಕೆ ಕಲಿಯಿರಿ: ಮೊದಲು 6, ಆಮೇಲೆ 5–6, ಆಮೇಲೆ 4–6. ಮುಂದೆ ಹೋದಷ್ಟೂ ಪರಿಚಿತ ಜಾಗಕ್ಕೆ ಬರುತ್ತೀರಿ.

13ನೆಯದನ್ನು ಯಾಕೆ ಮೊದಲು ಇಟ್ಟೆ ಅಂದರೆ, ಅದು ಪ್ರಾರ್ಥನೆಯ ಅಚ್ಚು. ಮೊದಲೆರಡು ವಚನದಲ್ಲಿ 'ಎಷ್ಟರವರೆಗೆ' ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದೂ ದೇವರ ಮುಖಕ್ಕೇ ಕೇಳಿದ್ದು, ಬೇರೆಯವರ ಹತ್ತಿರ ಗೊಣಗಿದ್ದಲ್ಲ. 3–4ರಲ್ಲಿ ಬೇಡಿಕೆ, ಕಾರಣದ ಸಮೇತ. 5–6ರಲ್ಲಿ ಭರವಸೆ. ನಿಮ್ಮ ಸಂಗತಿಯನ್ನು ಈ ಮೂರು ಭಾಗಕ್ಕೆ ಹಾಕಿ ಬರೆಯುವ ಅಭ್ಯಾಸ ಸಣ್ಣ ತೊಂದರೆಗಳಲ್ಲೇ ಮಾಡಿ. ಬೇಡಿಕೆ ಸ್ಪಷ್ಟವಾಗಿರಲಿ. "ಎಲ್ಲ ಒಳ್ಳೇದು ಮಾಡು ಕರ್ತನೇ" ಅಲ್ಲ, "ನಾಳೆ ಬರುವ ರಿಪೋರ್ಟು", "ಈ ತಿಂಗಳ ಬಾಡಿಗೆ". ಭಕ್ತಿವಂತರು ಎಡವುವುದು ಒಂದೇ ಕಡೆ: ದೂರುವುದು ಪಾಪ ಅಂದುಕೊಂಡು ನೇರ ಐದನೇ ವಚನಕ್ಕೆ ಹಾರುತ್ತಾರೆ. ಆ ಭರವಸೆ ಎರಡು ದಿನ ನಿಲ್ಲುವುದಿಲ್ಲ.

ಐದನೇ ವಚನ ಬಾಯಿಗೆ ಬಾರದ ದಿನಗಳೂ ಇರುತ್ತವೆ. ಅದಕ್ಕೆ 88ನೇ ಕೀರ್ತನೆ ಗುರುತು ಹಾಕಿಟ್ಟುಕೊಳ್ಳಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸ್ತೋತ್ರವಿಲ್ಲ. ಹಾಗಿದ್ದೂ ಅದು ಪ್ರಾರ್ಥನೆಗಳ ಪುಸ್ತಕದೊಳಗೇ ಇದೆ. ಸಭೆಗಳಲ್ಲಿ ಅದನ್ನು ಓದುವುದೇ ಅಪರೂಪ, ಅದು ನಷ್ಟ.

91ನ್ನು ನಾಲ್ಕರ ಪಟ್ಟಿಗೆ ಸೇರಿಸದ್ದಕ್ಕೆ ಕೆಲವರು ಜಗಳಕ್ಕೆ ಬರಬಹುದು. ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಮತ್ತಾಯ 4ನ್ನು ಪಕ್ಕದಲ್ಲಿಟ್ಟುಕೊಂಡು ಕಲಿಯಿರಿ. ದೇವಾಲಯದ ಶಿಖರದ ಮೇಲೆ ಯೇಸುವಿಗೆ ಆ ಕೀರ್ತನೆಯ 11–12, ದೂತರು ನಿನ್ನನ್ನು ಕಾಯುತ್ತಾರೆ ಅನ್ನುವ ವಚನ, ಹೇಳಿದವನು ಸೈತಾನ. ಏನೂ ಆಗುವುದಿಲ್ಲ, ಧುಮುಕು ಅಂದ. ಯೇಸು ಕೊಟ್ಟ ಮೂರೂ ಉತ್ತರ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಔಷಧಿ ನಿಲ್ಲಿಸಿ 91 ಹೇಳಿಕೊಳ್ಳಿ ಅನ್ನುವವರಿಗೆ 6:16 ಸಾಕು: ದೇವರನ್ನು ಪರೀಕ್ಷಿಸಬೇಡ.

ದೇಹದ ಮಾತೂ ಇದೇ ಸಿದ್ಧತೆಯೊಳಗೆ ಬರುತ್ತದೆ. ಸಾವು ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ನಿದ್ದೆ, ಮತ್ತೆ ಎಬ್ಬಿಸಿ ಊಟ. ದೇವರು ಪ್ರಶ್ನೆ ಕೇಳಿದ್ದು ಅದೆಲ್ಲ ಆಗಿ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಬಿರುಗಾಳಿಗೆ ಸಿಕ್ಕ ಹಡಗು ಒಡೆಯುವ ಮುಂಚೆ ಅಪೊಸ್ತಲ ಪೌಲ ಅದರಲ್ಲಿದ್ದ 276 ಜನರಿಗೆ ಹೇಳಿದ್ದೂ ಮೊದಲು ಊಟ ಮಾಡಿ ಅಂತಲೇ. ದುಃಖದ ಮೊದಲ ದಿನಗಳಲ್ಲಿ ಉಪವಾಸ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಸಾಯಬೇಕೆನ್ನುವ ಯೋಚನೆ ಬಂದರೆ ಪ್ರಾರ್ಥನೆಯ ಜೊತೆಗೆ ಅವತ್ತೇ ವೈದ್ಯರ ಹತ್ತಿರ ಹೋಗಬೇಕು, ಅದರಲ್ಲಿ ಅಪನಂಬಿಕೆ ಏನೂ ಇಲ್ಲ.

ದುಡ್ಡು, ದವಸ ಕೂಡಿಡುವುದು ಅವಿಶ್ವಾಸ ಅನ್ನುವವರೂ ಇದ್ದಾರೆ. ಸುಭಿಕ್ಷದ ಏಳು ವರ್ಷ ಐದರಲ್ಲೊಂದು ಪಾಲು ಎತ್ತಿಡಬೇಕು ಅಂತ ಐಗುಪ್ತದ ಅರಸನಿಗೆ ಹೇಳಿದ್ದು ಯೋಸೇಫ. ಬರ ಬರುತ್ತದೆ ಅಂತ ಪ್ರವಾದಿ ಅಗಬ ನುಡಿದಾಗ ಅಂತಿಯೋಕ್ಯದ ಸಭೆಯವರು ತಮ್ಮ ತಮ್ಮ ಶಕ್ತಿಯಂತೆ ಹಣ ಕೂಡಿಸಿ ಯೂದಾಯದ ಸಹೋದರರಿಗೆ ಕಳಿಸಿದರು, ಅಂತ್ಯಕಾಲದ ತಾರೀಖು ಲೆಕ್ಕ ಹಾಕುತ್ತಾ ಕೂರಲಿಲ್ಲ.

ಇನ್ನು ಜನ. ಒಂದು ಹಾಳೆಯಲ್ಲಿ ಆ ನಾಲ್ಕು ಕೀರ್ತನೆ ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ಸಭಾಪಾಲಕರ, ವೈದ್ಯರ, ಮತ್ತೆ ನಿಮ್ಮ ಬದಲಿಗೆ ಪ್ರಾರ್ಥಿಸಬಲ್ಲ ಇಬ್ಬರ ನಂಬರ್ ಹಾಕಿ, ಮನೆಯ ಕಾಗದಪತ್ರದ ಜೊತೆ ಇಡಿ. ಫೋನಲ್ಲಿದ್ದರೆ ಸಾಲದು, ಬೇಕಾದಾಗಲೇ ಚಾರ್ಜ್ ಇರುವುದಿಲ್ಲ. ಆ ಇಬ್ಬರನ್ನು ಆರಿಸುವಾಗ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನು ನೆನೆಯಿರಿ. ಏಳು ಹಗಲು ಏಳು ರಾತ್ರಿ ಸುಮ್ಮನೆ ಜೊತೆಗೆ ಕೂತಿದ್ದರು, ಕೆಟ್ಟದ್ದು ಬಾಯಿ ತೆರೆದ ಮೇಲೆ. ಚೆನ್ನಾಗಿ ಮಾತಾಡುವವರಿಗಿಂತ ಕೂರಬಲ್ಲವರನ್ನು ಆರಿಸಿ. ರಾತ್ರಿ ಎರಡಕ್ಕೂ ಫೋನ್ ಮಾಡಬಹುದಾ ಅಂತ ಅವರನ್ನು ಈಗಲೇ ಕೇಳಿ. ಆಗುವುದಿಲ್ಲ ಅಂದರೆ ಬೇಸರ ಬೇಡ, ಬೇರೆ ಹೆಸರು ಬರೆದುಕೊಳ್ಳಿ. ವರ್ಷಕ್ಕೆರಡು ಸಲ ಹಾಳೆ ತೆಗೆದು ನೋಡಿ, ನಂಬರ್ ಬದಲಾಗಿರುತ್ತದೆ.