ಗ್ಲೂವೈನ್: ಕುದಿಯಬೇಕಾದ್ದು ಮಸಾಲೆ, ವೈನ್ ಅಲ್ಲ

ನವೆಂಬರ್ ಕೊನೆಯ ಹೊತ್ತಿಗೆ ಜರ್ಮನಿಯ ಊರೂರಲ್ಲೂ ಕ್ರಿಸ್‌ಮಸ್ ಸಂತೆ ಶುರುವಾಗುತ್ತದೆ. ಡ್ರೆಸ್ಡನ್ನಿನ ಸ್ಟ್ರೀಟ್ಸೆಲ್‌ಮಾರ್ಕ್ಟ್ ಸಂತೆಯ ಇತಿಹಾಸ 1434ಕ್ಕೆ ಹೋಗುತ್ತದೆ. ಯಾವ ಸಂತೆಗೆ ಹೋದರೂ ಜನ ಚಳಿಯಲ್ಲಿ ನಿಂತು ಕುಡಿಯುವುದು ಗ್ಲೂವೈನ್, ಅಂದರೆ ಚಕ್ಕೆ, ಲವಂಗ, ಕಿತ್ತಳೆ ಹಾಕಿ ಬಿಸಿಮಾಡಿದ ಕೆಂಪು ವೈನ್. ಇಲ್ಲಿ ನೆಲೆಸಿದ ನಮ್ಮವರು ಇದನ್ನು ಮನೆಯಲ್ಲಿ ಮಾಡಲು ಹೊರಟರೆ ಕೈ ತಾನಾಗಿ ಕಷಾಯದ ದಾರಿ ಹಿಡಿಯುತ್ತದೆ. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕೊತಕೊತ ಕುದಿಸಿಬಿಡುತ್ತಾರೆ. ವೈನ್ ಕೆಡುವುದು ಅಲ್ಲೇ. ಹಾಗಂತ ಇಲ್ಲಿಯವರ ರೂಢಿಯೇ ಪೂರ್ತಿ ಸರಿ ಎಂದೂ ನಾನು ಒಪ್ಪುವುದಿಲ್ಲ.

ನಮ್ಮ ಕಷಾಯ ಕುದಿಯಲೇಬೇಕು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಶುಂಠಿಗಳ ಸತ್ವ ಬರೀ ನೀರಿಗೆ ಇಳಿಯಬೇಕಾದರೆ ಒಳ್ಳೆಯ ಕಾವೂ ಬೇಕು, ಹೊತ್ತೂ ಬೇಕು. ನೀರು ಇಂಗಿದಷ್ಟೂ ಕಷಾಯಕ್ಕೆ ಕಸುವು. ವೈನಿನ ಕಥೆ ಬೇರೆ. ಅದರಲ್ಲಿ ಶೇ. 12ರ ಆಸುಪಾಸು ಮದ್ಯಸಾರವಿದೆ, ಹುಳಿಯಿದೆ, ದ್ರಾಕ್ಷಿ ಸಿಪ್ಪೆಯಿಂದ ಬಂದ ಒಗರಿದೆ, ಇವೆಲ್ಲದರ ಮೇಲೆ ಹಣ್ಣಿನ ನವಿರಾದ ಘಮವಿದೆ. ಶುದ್ಧ ಮದ್ಯಸಾರ ಕುದಿಯುವುದು 78 ಡಿಗ್ರಿಗೆ. ವೈನಿನಲ್ಲಿ ಅದು ನೀರಿನ ಜೊತೆ ಬೆರೆತಿರುವುದರಿಂದ ಒಮ್ಮೆಲೇ ಹಾರಿಹೋಗುವುದಿಲ್ಲ. ಆದರೆ ಪಾತ್ರೆ ಕುದಿಗೆ ಬಿದ್ದಮೇಲೆ ಮದ್ಯಸಾರವೂ ಘಮವೂ ಬೇಗ ಬೇಗ ಖಾಲಿಯಾಗುತ್ತವೆ. ಹುಳಿ, ಒಗರು ಮಾತ್ರ ಉಳಿದು ಗಟ್ಟಿಯಾಗುತ್ತವೆ. ಆಗ ಜನ ಇನ್ನಷ್ಟು ಸಕ್ಕರೆ ಸುರಿಯುತ್ತಾರೆ. ಹೋದ ಘಮ ಸಕ್ಕರೆಯಿಂದ ವಾಪಸ್ ಬರುವುದಿಲ್ಲ.

ಇನ್ನು ಜರ್ಮನ್ನರ ರೂಢಿ. ವೈನನ್ನು ಕುದಿಸಬಾರದು ಎಂಬುದನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಅನೇಕರು ಅಂಗಡಿಯ ಮಸಾಲೆ ಚೀಲವನ್ನು ಹತ್ತು ನಿಮಿಷ ವೈನಿನಲ್ಲಿ ಅದ್ದಿ ಮುಗಿಸುತ್ತಾರೆ, ಇಲ್ಲವೇ ತಯಾರಿ ಬಾಟಲಿಯನ್ನೇ ತಂದು ಬಿಸಿಮಾಡುತ್ತಾರೆ. ಬಾಟಲಿಗೆ ಐರೋಪ್ಯ ಒಕ್ಕೂಟದ ಕಾನೂನು ಬಿಗಿಯಾಗಿಯೇ ಇದೆ: ಗ್ಲೂವೈನ್ ಎಂದು ಮಾರಬೇಕಾದರೆ ವೈನಿನಿಂದಲೇ ಮಾಡಿರಬೇಕು, ಮುಖ್ಯ ರುಚಿ ಚಕ್ಕೆಯದೋ ಲವಂಗದ್ದೋ ಆಗಿರಬೇಕು, ಮದ್ಯಸಾರ ಶೇ. 7ಕ್ಕಿಂತ ಕಡಿಮೆಯಿರಬಾರದು, ಸಿಹಿ ಸೇರಿಸುವಾಗ ಬರುವಷ್ಟನ್ನು ಬಿಟ್ಟು ನೀರು ಬೆರೆಸುವಂತಿಲ್ಲ. ಇಷ್ಟಿದ್ದೂ ಬಹುಪಾಲು ಬಾಟಲಿಗಳಲ್ಲಿ ಸಿಹಿಯದೇ ಆರ್ಭಟ, ಮಸಾಲೆಯದು ಸಪ್ಪೆ ದನಿ.

ನನ್ನ ಮಟ್ಟಿಗೆ ಸರಿಯಾದ ಹಾದಿ ಇದು: ಮಸಾಲೆಗೆ ನಮ್ಮ ಕಷಾಯದ ಕ್ರಮ, ವೈನಿಗೆ ಅವರ ಸಂಯಮ. 750 ಮಿಲಿಲೀಟರಿನ ಒಂದು ಬಾಟಲಿಗೆ 150 ಮಿಲಿಲೀಟರ್ ನೀರು, 50 ಗ್ರಾಂ ಸಕ್ಕರೆ, ಬೆರಳುದ್ದದ ಎರಡು ಚಕ್ಕೆ, ಬಾಯಿ ಬಿಡಿಸಿದ ಎರಡು ಏಲಕ್ಕಿ, ಜಜ್ಜಿದ ನಾಲ್ಕು ಕಾಳುಮೆಣಸು, ಎರಡು ತೆಳು ಬಿಲ್ಲೆ ಶುಂಠಿ. ಮುಚ್ಚಳ ಅರ್ಧ ಸರಿಸಿ, ಸಣ್ಣ ಉರಿಯಲ್ಲಿ ನೀರು ಅರ್ಧಕ್ಕಿಳಿಯುವ ತನಕ ಕುದಿಸಿ. ಕೊನೆಯ ಎರಡು ನಿಮಿಷಕ್ಕೆ ನಾಲ್ಕು ಲವಂಗ, ಒಂದು ಚಕ್ರಮೊಗ್ಗು. ಇವೆರಡನ್ನು ಮೊದಲೇ ಹಾಕಿದರೆ ಲವಂಗ ಕಹಿಯಾಗಿ ನಾಲಿಗೆ ಜೋಮು ಹಿಡಿಸುತ್ತದೆ, ಚಕ್ರಮೊಗ್ಗು ಉಳಿದೆಲ್ಲದರ ಬಾಯಿ ಮುಚ್ಚಿಸುತ್ತದೆ. ಈಗ ಉರಿ ಇಳಿಸಿ ವೈನ್ ಸುರಿಯಿರಿ. ಒಂದು ಕಿತ್ತಳೆಯ ಸಿಪ್ಪೆಯನ್ನು ತೆಳ್ಳಗೆ ಹೆರೆದು ಹಾಕಿ, ಒಳಗಿನ ಬಿಳಿ ಪದರ ಬಂದರೆ ಕಹಿ. ರಸವನ್ನು ಈ ಹಂತದಲ್ಲೇ ಹಿಂಡಬೇಕು. ಕುದಿಯುವ ನೀರಿಗೆ ಹಿಂಡಿದರೆ ಬೆಂದ ಹಣ್ಣಿನ ಹಳಸಲು ರುಚಿ ಬರುತ್ತದೆ. ಮೇಣ, ಔಷಧಿ ಬಳಿಯದ ಹಣ್ಣೇ ಆಗಬೇಕು.

ಮುಚ್ಚಳ ಮುಚ್ಚಿ 70 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡಿ. ಥರ್ಮಾಮೀಟರ್ ಇಲ್ಲದಿದ್ದರೆ ಕಣ್ಣೇ ಸಾಕು. ಮೇಲೆ ಹಬೆ ಆಡುತ್ತಿರಬೇಕು, ನಡುವೆ ವೈನ್ ಅಲುಗಬಾರದು. ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲುಗಟ್ಟಿದರೆ ಉರಿ ಹೆಚ್ಚಾಯಿತೆಂದೇ ಅರ್ಥ, ಪಾತ್ರೆಯನ್ನು ತಕ್ಷಣ ಒಲೆಯಿಂದ ಸರಿಸಿ. ಆಮೇಲೆ ಸೋಸಿಬಿಡಿ. ಮಸಾಲೆ ಒಳಗೇ ಉಳಿದರೆ ಎರಡನೇ ಲೋಟದ ಹೊತ್ತಿಗೆ ಕಹಿ ಏರಿರುತ್ತದೆ.

ಪಾತ್ರೆ ಸ್ಟೀಲಿನದೋ ಎನಾಮಲ್ಲಿನದೋ ಇರಲಿ. ಕಲಾಯಿ ಹೋದ ಹಿತ್ತಾಳೆಯಲ್ಲಿ ಸಾರು ಮಾಡಬಾರದೆಂದು ಅಜ್ಜಿಯಂದಿರು ಹೇಳುವ ಕಾರಣವೇ ಇಲ್ಲೂ, ಹುಳಿ ಲೋಹವನ್ನು ಕರಗಿಸುತ್ತದೆ. ಅಲ್ಯುಮಿನಿಯಂ ಕೂಡ ಬೇಡ. ಪುಡಿ ಮಸಾಲೆಯನ್ನಂತೂ ಹಾಕಲೇಬೇಡಿ, ತಳದಲ್ಲಿ ಕೆಸರು ಕೂರುತ್ತದೆ, ಎಷ್ಟು ಸೋಸಿದರೂ ಬಾಯಿಗೆ ಸಿಗುತ್ತದೆ. ಚಕ್ಕೆಯಲ್ಲೂ ಎರಡು ಬಗೆ. ದಪ್ಪ ತೊಗಟೆಯ, ಒಂದೇ ಸುರುಳಿಯ ಕ್ಯಾಸಿಯಾದಲ್ಲಿ ಕೂಮರಿನ್ (ಅತಿಯಾದರೆ ಯಕೃತ್ತಿಗೆ ಒಗ್ಗದ ವಸ್ತು) ಹೆಚ್ಚು, ರುಚಿಯೂ ಒರಟು. ಕಾಗದದಂಥ ಪದರಗಳನ್ನು ಸುತ್ತಿದ ಸಿಲೋನ್ ಚಕ್ಕೆಯೇ ಇದಕ್ಕೆ ಹೇಳಿ ಮಾಡಿಸಿದ್ದು. ಬೆಲ್ಲ ಹಾಕುವ ಆಸೆ ನಮ್ಮವರಿಗೆ ಸಹಜ, ಆದರೆ ಅದರ ಉಪ್ಪಿನಂಶ ವೈನಿನ ಹುಳಿಯನ್ನು ಮಂಕು ಮಾಡುತ್ತದೆ, ಬಣ್ಣವೂ ಕದಡುತ್ತದೆ. ಸಾದಾ ಸಕ್ಕರೆ ಬೇಡವಾದರೆ ಕಲ್ಲುಸಕ್ಕರೆ ಹಾಕಿ.

ಏಲಕ್ಕಿ, ಕಾಳುಮೆಣಸು ಗ್ಲೂವೈನಿಗೆ ಸಲ್ಲದು ಎನ್ನುವ ಮಡಿವಂತರು ಇಲ್ಲಿದ್ದಾರೆ. ಆದರೆ ಸ್ವೀಡನ್ನಿನವರ ಬಿಸಿ ಮಸಾಲೆ ವೈನ್ ಗ್ಲಾಗ್‌ಗೆ ಏಲಕ್ಕಿ ಬೇಕೇ ಬೇಕು. ಲೋಟದ ತಳಕ್ಕೆ ಒಣದ್ರಾಕ್ಷಿ, ಸಿಪ್ಪೆ ಸುಲಿದ ಬಾದಾಮಿಯೂ ಬೀಳುತ್ತವೆ. ರೋಮನ್ನರ ಕಾಂಡಿಟಮ್ ಎಂಬ ಮಸಾಲೆ ವೈನಿನಲ್ಲಿ ಜೇನಿನ ಜೊತೆ ಇದ್ದದ್ದು ಕಾಳುಮೆಣಸೇ, ಅದು ಹಡಗೇರಿ ಹೋದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಹಾಗಾಗಿ ನಾಲ್ಕು ಕಾಳು ಹಾಕಲು ಯಾರ ಅಪ್ಪಣೆಯೂ ಬೇಡ. ಗರಂ ಮಸಾಲೆ ಮಾತ್ರ ಬೇಡ. ಅದರ ಜೀರಿಗೆ ಕೊತ್ತಂಬರಿ ಊಟದ ವಾಸನೆ ತರುತ್ತವೆ.

ವೈನ್ ಯಾವುದು? ಇಲ್ಲಿ ಡಾರ್ನ್‌ಫೆಲ್ಡರ್ ಅಥವಾ ಮರ್ಲೋ ದ್ರಾಕ್ಷಿಯ ಕೆಂಪು ವೈನ್, ಸಿಹಿಯಿಲ್ಲದ್ದು, ನಡು ಬೆಲೆಯದು. ಓಕ್ ಪೀಪಾಯಿಯಲ್ಲಿ ಮಾಗಿಸಿದ್ದು ಬೇಡ, ಬಿಸಿಯಾದಾಗ ಮರದ ಒಗರು ಎದ್ದು ಬರುತ್ತದೆ. ಬೆಂಗಳೂರಿನಲ್ಲಿ ಮಾಡುವವರಿಗೆ ನಂದಿ ಬೆಟ್ಟದ ಕಡೆಯ, ಓಕ್ ತಾಗದ ಶಿರಾಜ್ ಒಗ್ಗುತ್ತದೆ.

ನೆಗಡಿಗೆ ಇದು ಮದ್ದಲ್ಲ. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಜ್ವರ ಬಂದವರಿಗೆ ಕಷಾಯ ಕೊಡಿ.

ಮಕ್ಕಳಿಗೆ, ಕುಡಿಯದವರಿಗೆ ಇಲ್ಲಿ ಕಿಂಡರ್‌ಪುನ್ಷ್ ಎಂಬ ಮದ್ಯವಿಲ್ಲದ ಬಿಸಿ ಪಾನೀಯ ಇದೆ. ಅರ್ಧ ಲೀಟರ್ ಕೆಂಪು ದ್ರಾಕ್ಷಿ ರಸ, ಕಾಲು ಲೀಟರ್ ದಾಸವಾಳದ ಚಹಾ (ನಮ್ಮ ಪುಂಡಿಸೊಪ್ಪಿನ ಬಳಗದ್ದೇ ಕೆಂಪು ಹುಳಿದಳ), ಅದೇ ಮಸಾಲೆ ನೀರು, ಆದರೆ ಸಕ್ಕರೆ ಬಿಟ್ಟು. ರಸದ ಸಿಹಿಯೇ ಸಾಕು. ಉಳಿದದ್ದನ್ನು, ವೈನಿನದಾದರೂ ರಸದ್ದಾದರೂ, ಸೋಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿಗಿಟ್ಟರೆ ಎರಡು ದಿನಕ್ಕೆ ಮೋಸವಿಲ್ಲ. ಮತ್ತೆ ಬಿಸಿಮಾಡುವಾಗ ಬೇಕಾದಷ್ಟನ್ನೇ ಪಾತ್ರೆಗೆ ಹಾಕಿ.