ಇಬಾನರ ಹಬ್ಬಕ್ಕೆ ಇಬಾನರ ಜಾಗಟೆ ಬಾರಿಸಿ

ನಿನ್ನೆ ಮಲೇಷ್ಯಾದ ಸರವಾಕ್ ರಾಜ್ಯದ ಮಿರಿ ಊರಿನ ಒಂದು ಹೋಟೆಲಿನಲ್ಲಿ ಗವಾಯಿ ದಯಾಕ್ ಅನ್ನುವ ಸುಗ್ಗಿ ಹಬ್ಬದ ಊಟ. ಇಲ್ಲಿನ ಬುಡಕಟ್ಟಾದ ಇಬಾನರ ಹುಡುಗನೊಬ್ಬ ಗರಿಗಳ ಟೋಪಿ ತೊಟ್ಟು ಅವರ ಸಾಂಪ್ರದಾಯಿಕ ಕುಣಿತ ನ್ಗಜಾತ್ ಕುಣಿಯಲು ಬಂದ. ಸ್ಪೀಕರಿನಲ್ಲಿ ಹಾಕಿದ್ದು ಮಾತ್ರ ಸಪೆ! ಅದು ತಂತಿವಾದ್ಯ. ಇಲ್ಲಿನ ಬೇರೆ ಬುಡಕಟ್ಟುಗಳಾದ ಕೆನ್ಯಾಹ್, ಕಯಾನ್ ಜನರದ್ದು. ಇಬಾನರ ಕಾಲು ಏಳುವುದು ಜಾಗಟೆಗೆ. ಚೆಂಡೆ ತೆಗೆದು ವೀಣೆ ಇಟ್ಟು ಯಕ್ಷಗಾನ ಆಡಿಸಿದರೆ ನಮ್ಮ ಕುಂದಾಪುರದವರು ಸುಮ್ನೆ ಕೂರುತ್ತಾರಾ?

ಜೂನ್ 1ಕ್ಕೆ ನಿಯಾ ಊರಿನ ಕಡೆಯ ಲಾಂಗ್‌ಹೌಸಿಗೆ, ಅಂದರೆ ಒಂದೇ ಸೂರಿನಡಿ ಹಲವು ಮನೆ ಸಾಲಾಗಿರುವ ಉದ್ದನೆಯ ಕಟ್ಟಡಕ್ಕೆ, ಹೋಗಿದ್ದೆ. ಎಲ್ಲ ಮನೆಗಳ ಮುಂದೆ ಹಾಯುವ ಉದ್ದನೆಯ ಜಗಲಿ, ಅದಕ್ಕೆ ರುವಾಯಿ ಅಂತಾರೆ. ಅಲ್ಲಿ ಚಾಪೆ ಮೇಲೆ ಒಬ್ಬ ಅಜ್ಜಿ ಎಂಗ್‌ಕೆರುಮೊಂಗ್ ಅನ್ನುವ ವಾದ್ಯದ ಮುಂದೆ ಕೂತಿದ್ದರು. ಮರದ ಚೌಕಟ್ಟಿಗೆ ಕಟ್ಟಿದ ಹಗ್ಗದ ಮೇಲೆ ಸಾಲಾಗಿ ಎಂಟು ಪುಟ್ಟ ಜಾಗಟೆ, ಪ್ರತಿಯೊಂದರ ನಡುವೆ ಒಂದು ಉಬ್ಬು. ಅಜ್ಜಿಯ ಎರಡು ಕೋಲು ಆ ಉಬ್ಬನ್ನು ಬಿಟ್ಟು ಆಚೀಚೆ ಬೀಳಲೇ ಇಲ್ಲ. ಪಕ್ಕದಲ್ಲಿ ಬೆಬೆಂದಾಯಿ ಅನ್ನುವ ಇನ್ನೊಂದು ಜಾಗಟೆ, ದುಂಬಾಕ್ ಡೋಲು, ಆಮೇಲೆ ತಾವಕ್. ತಾವಕ್ ದೊಡ್ಡ ಜಾಗಟೆ. ಅದರ ಸದ್ದು ನೆಲದ ಹಲಗೆಯಿಂದ ಅಂಗಾಲಿಗೆ ಬರುತ್ತೆ. ಮೊಮ್ಮಗ ತಪ್ಪಿದಾಗ ಅಜ್ಜಿ ನಿಲ್ಲಿಸಲಿಲ್ಲ, ಗದರಲಿಲ್ಲ. ಕತ್ತಿನಲ್ಲೇ ಲೆಕ್ಕ ತೋರಿಸಿದರು, ಅಷ್ಟೇ.

ಇದು ಬರೀ ಕುಣಿತದ ಹಿನ್ನೆಲೆ ಅಲ್ಲ. ಗವಾಯಿ ಬುರೊಂಗ್‌ನಂಥ ದೊಡ್ಡ ಆಚರಣೆಗೆ ಗೆಂದಾಂಗ್ ರಾಯಾಹ್ ಅನ್ನುವ ಬೇರೆಯೇ ಬಡಿತ ಇದೆ. ಲೆಮಾಂಬಾಂಗ್‌ಗಳು, ಅಂದರೆ ಆಚರಣೆಯ ಹಾಡುಗಾರರು, ರಾತ್ರಿಯಿಡೀ ಹಾಡಿ ಸಿಂಗಲಾಂಗ್ ಬುರೊಂಗ್ ದೇವರನ್ನು ಕರೆಯುವುದು ಇದೇ ಜಗಲಿಗೆ. ಇಂಥದ್ದನ್ನು ಪೆನ್‌ಡ್ರೈವಿನ ಯಾವುದೋ ಹಾಡಿಗೆ ಬದಲಾಯಿಸೋದಾ?

‘ಜಾಗಟೆ ಗದ್ದಲ ಜಾಸ್ತಿ, ಸಪೆ ಕೇಳೋಕೆ ಹಿತ, ಎಲ್ಲಾ ಸರವಾಕಿನದ್ದೇ ಅಲ್ವಾ’ ಅಂದರು ಆಯೋಜಕರು. ಸಪೆ ನನಗೂ ಪ್ರಾಣ. ಆದರೆ ಅದಕ್ಕೆ ಅದರದ್ದೇ ಮನೆ, ಅದರದ್ದೇ ಕುಣಿತ ಇದೆ. ಎಲ್ಲಾ ಒಂದೇ ಅನ್ನೋದು ಇಬ್ಬರಿಗೂ ಮಾಡುವ ಅನ್ಯಾಯ.

ಒಂದು ಮಾತು ಒಪ್ಪಿಕೊಳ್ಳಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ನಾನೇ ಸಪೆ ವಿಡಿಯೋ ಹಾಕಿ ‘ಇಬಾನ್ ಸಂಗೀತ’ ಅಂತ ಬರೆದಿದ್ದೆ. ‘ಅದು ನಮ್ಮದಲ್ಲ’ ಅಂತ ಇಬಾನ್ ಗೆಳೆಯ ಮೆಲ್ಲಗೆ ಹೇಳಿದ್ದ. ಆದರೂ ಹಾಗೇ ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಅಳಿಸಿದೆ.

ಮುಂದಿನ ವರ್ಷಕ್ಕೆ ಆಯೋಜಕರಿಗೆ ಈಗಲೇ ಹೇಳಿದ್ದೇನೆ. ಅಜ್ಜಿಯನ್ನು, ಮೊಮ್ಮಗನನ್ನು, ಆ ತಾವಕ್ಕನ್ನು ನಿಯಾದಿಂದ ಕರೆತರುವುದು ನನ್ನ ಜವಾಬ್ದಾರಿ. ಪಿಕಪ್ ನಾನೇ ಓಡಿಸ್ತೀನಿ.