ಟೇಬಲ್ ಮೇಲೆ ಬಿಟ್ಟ ಫೋನು, ಕೈಗೆ ಕೊಟ್ಟ ಫೋನು

ಭಾವನ ಫೋನಿನಲ್ಲಿ ನಾನು ಹುಡುಕುತ್ತಿದ್ದದ್ದು ಸತ್ಯನಾರಾಯಣ ಕಥೆಯ ದಿನದ ಫೋಟೊ. ಸಿಕ್ಕಿದ್ದು ಹನ್ನೆರಡು ಇಂಗ್ಲಿಷ್ ಶಬ್ದಗಳ ಒಂದು ಸ್ಕ್ರೀನ್‌ಶಾಟ್. ಅದರ ಆಚೆಗೆ ಪ್ರಸಾದದ ಪಾತ್ರೆಯ ಚಿತ್ರ, ಈಚೆಗೆ ಕೊಳೆರೋಗ ಬಂದ ಅಡಿಕೆ ಕೊನೆಯದ್ದು. ನಡುವೆ ಇದು: ಒಂದರಿಂದ ಹನ್ನೆರಡರವರೆಗೆ ನಂಬರು ಹಾಕಿದ, ಒಂದಕ್ಕೊಂದು ಸಂಬಂಧವೇ ಇಲ್ಲದ ಶಬ್ದಗಳು.

ಕ್ರಿಪ್ಟೋ ವಾಲೆಟ್ ಬಗ್ಗೆ ಚೂರುಪಾರು ಗೊತ್ತಿದ್ದವರಿಗೂ ಎದೆ ಧಸಕ್ಕೆನ್ನಲು ಇಷ್ಟು ಸಾಕು.

"ಭಾವ, ಇದೆಂತದು ಇಲ್ಲಿದ್ದು?"

"ಓ, ಅದಾ? ಬಿಟ್‌ಕಾಯಿನ್ದು. ಮೊಬೈಲ್ ಅಂಗಡಿ ಮಾಣಿ ಹಾಕಿಕೊಟ್ಟಿದ್ದ. ಕಳೆದುಹೋದ್ರೆ ಇರ್ಲಿ ಹೇಳಿ ಅವ್ನೂ ಒಂದು ಫೋಟೊ ಇಟ್ಕಂಡಿದ್ದ. ನಮ್ಮನೆ ಗ್ರೂಪಿಗೂ ಹಾಕಿದ್ದಿ."

ಆ ಗ್ರೂಪಿನಲ್ಲಿ ನಾನೂ ಇದ್ದೇನೆ. ಮೂವತ್ತೊಂದು ಜನ. ಶುಭೋದಯದ ಸೂರ್ಯಕಾಂತಿಗಳನ್ನೂ ಯಾರದೋ ಉಪನಯನದ ಕರೆಯೋಲೆಯನ್ನೂ ದಾಟಿ ಹಿಂದಕ್ಕೆ ಹೋದೆ. ನಿಜ, ಹಾಕಿದ್ದಾನೆ. ಮೂರು ಜನ ಕೈಮುಗಿದಿದ್ದರು.

ಶಿರಸಿಯಿಂದ ಹನ್ನೆರಡು ಮೈಲಿ ಒಳಗಿನ ಆ ಮನೆಯ ಜಗುಲಿಯಲ್ಲಿ, ಅಡಿಕೆ ಸುಲಿಯುವವರ ಎದುರೇ, ನಾನು ದನಿ ಏರಿಸಿದೆ. ಸಿಂಗಾಪುರದಿಂದ ಬಂದು ಇನ್ನೂ ಎರಡು ದಿನ ಆಗಿರಲಿಲ್ಲ. ಅಕ್ಕ ಒಳಗಿಂದ ಬಂದು, "ಎಂತ ಆತು? ಯಾರಾದ್ರೂ ಹೋದ್ವ?" ಎಂದು ಕೇಳಿದಳು.

ಭಾವನಿಗೆ ತಿಳಿಸಿ ಹೇಳಲು ಅರ್ಧ ರಾತ್ರಿ ಹಿಡಿಯಿತು. ವಾಲೆಟ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಫೋನಿನ ಆ ಆ್ಯಪ್ ಒಳಗೆ ದುಡ್ಡೂ ಇಲ್ಲ, ಕಾಯಿನ್ನೂ ಇಲ್ಲ. ಇರುವುದು ಬೀಗದಕೈ ಮಾತ್ರ. ಅದನ್ನು ಮನುಷ್ಯರು ಬರೆದಿಟ್ಟುಕೊಳ್ಳಲು ಬರುವ ಹಾಗೆ 2048 ಶಬ್ದಗಳ ಒಂದು ಪಟ್ಟಿಯಿಂದ ಹನ್ನೆರಡನ್ನೋ ಇಪ್ಪತ್ತನಾಲ್ಕನ್ನೋ ಆರಿಸಿ ಕೊಡುತ್ತಾರೆ. 2013ರಲ್ಲಿ ಬಂದ ಪದ್ಧತಿ ಇದು. ಶಬ್ದದ ಮೊದಲ ನಾಲ್ಕು ಅಕ್ಷರ ಸಾಕು, ಯಾವ ಶಬ್ದವೆಂದು ಗೊತ್ತಾಗಿಬಿಡುತ್ತದೆ. ಆ ಹನ್ನೆರಡು ಶಬ್ದ ಸಿಕ್ಕವನು ಜಗತ್ತಿನ ಯಾವ ಮೂಲೆಯಲ್ಲಾದರೂ ಕೂತು, ತನ್ನ ಫೋನಿನಲ್ಲಿ ನಿನ್ನ ವಾಲೆಟ್ ತೆರೆಯಬಹುದು. ಓಟಿಪಿ ಬರುವುದಿಲ್ಲ. ಮ್ಯಾನೇಜರಿಗೆ ಫೋನು ಮಾಡಿ ತಡೆಹಿಡಿಯಿರಿ ಎನ್ನಲು ಅಲ್ಲಿ ಮ್ಯಾನೇಜರೇ ಇಲ್ಲ. ಹೋದದ್ದು ಹೋಯಿತು.

(ಆ ಪಟ್ಟಿ ಜಪಾನಿ, ಕೊರಿಯನ್, ಝೆಕ್ ಭಾಷೆಯಲ್ಲೂ ಇದೆ, ಕನ್ನಡದಲ್ಲಿಲ್ಲ. ಕನ್ನಡದಲ್ಲಿದ್ದಿದ್ದರೆ ಅಕ್ಕ ಹನ್ನೆರಡನ್ನೂ ಒಂದು ಹಾಡಿನ ಧಾಟಿಗೆ ಕೂರಿಸಿ ಬಾಯಿಪಾಠ ಮಾಡುತ್ತಿದ್ದಳು. ಫೋಟೊ ತೆಗೆಯುವ ಗೋಜೇ ಇರುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಹೇಳಿಕೊಳ್ಳುತ್ತಿದ್ದಳು ಎಂಬುದು ಬೇರೆ ವಿಷಯ.)

"ಫೋಟೊ ಯನ್ನ ಫೋನಲ್ಲೇ ಇದ್ದಲ, ಯಾರು ನೋಡ್ತ?" ಎಂದ ಭಾವ. ಫೋನೇ ನೋಡುತ್ತದೆ. 2025ರ ಫೆಬ್ರವರಿಯಲ್ಲಿ ಸೈಬರ್ ಭದ್ರತೆಯ ಕಂಪನಿ ಕ್ಯಾಸ್ಪರ್‌ಸ್ಕಿಯವರು ಸ್ಪಾರ್ಕ್‌ಕ್ಯಾಟ್ ಎಂದು ಹೆಸರಿಟ್ಟು ಬಯಲಿಗೆಳೆದ ಕಳ್ಳ ಪ್ರೋಗ್ರಾಮಿನ ಕೆಲಸವೇ ಅದು. ಊಟ ತರಿಸುವ ಆ್ಯಪ್, ಹರಟೆಯ ಆ್ಯಪ್ ಹೀಗೆ ಬೇರೆಯದೇ ವೇಷದಲ್ಲಿ ಫೋನು ಹೊಕ್ಕು, ಗ್ಯಾಲರಿ ನೋಡಲು ಅನುಮತಿ ಕೇಳಿ, ಚಿತ್ರಗಳಲ್ಲಿನ ಅಕ್ಷರ ಓದಿ, ಇಂಥ ಶಬ್ದಮಾಲೆ ಕಂಡರೆ ತನ್ನ ಒಡೆಯನಿಗೆ ಕಳಿಸುತ್ತಿತ್ತು. ಗೂಗಲ್ ಪ್ಲೇನಲ್ಲೂ ಇತ್ತು, ಆ್ಯಪಲ್‌ನ ಆ್ಯಪ್ ಸ್ಟೋರಿನಲ್ಲೂ ಇತ್ತು. ಹಾಗಂತ ವಾಲೆಟ್ ಆ್ಯಪ್‌ಗಳೇ ಸಾಚಾ ಎನ್ನುವಂತಿಲ್ಲ. 2022ರ ಆಗಸ್ಟಿನಲ್ಲಿ ಸ್ಲೋಪ್ ಎಂಬ ಮೊಬೈಲ್ ವಾಲೆಟ್ ತನ್ನ ಬಳಕೆದಾರರ ಗುಟ್ಟಿನ ಶಬ್ದಗಳನ್ನು ಮುಚ್ಚುಮರೆ ಇಲ್ಲದೆ ತನ್ನದೇ ಸರ್ವರಿಗೆ ಕಳಿಸಿಕೊಳ್ಳುತ್ತಿತ್ತೆಂದು ಬೆಳಕಿಗೆ ಬಂತು. ಸೊಲಾನಾ ಎಂಬ ಕ್ರಿಪ್ಟೋ ಜಾಲದ ಸಾವಿರಾರು ವಾಲೆಟ್‌ಗಳು ಬರಿದಾದ ಮೇಲೆ.

ಭಾವ ಎಲ್ಲ ಕೇಳಿ ಕವಳ ಹಾಕಿದ. "ಹಂಗಾದ್ರೆ ಸರ್ಕಾರದವ್ವು ಎಂತಕ್ಕೆ ಸುಮ್ನಿದ್ದ? 30% ಟ್ಯಾಕ್ಸ್ ತಗತ್ತ ಅಂದ್ಮೇಲೆ ಸರ್ಕಾರಿ ಲೆಕ್ಕವೇ ಆತಲ." ಈ ತರ್ಕ ಭಾವನೊಬ್ಬನದಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30%, ಅದೇ ಜುಲೈನಿಂದ ಮಾರಿದಾಗಲೆಲ್ಲ 1% ಟಿಡಿಎಸ್ ಶುರುವಾದದ್ದೇ ತಡ, ಊರಿನಲ್ಲಿ ಎಷ್ಟೋ ಜನರಿಗೆ ಅದು ಐಎಸ್‌ಐ ಮಾರ್ಕಿನ ಹಾಗೆ ಕಂಡಿತು.

ಸಿಂಗಾಪುರಕ್ಕೆ ಹೋದ ಹೊಸತರಲ್ಲಿ ನಾನು ಬೆಪ್ಪಾಗಿದ್ದು ಹಾಕರ್ ಸೆಂಟರಿನಲ್ಲಿ, ಅಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸೂಜಿ ಬಿದ್ದರೂ ನೆಲ ಮುಟ್ಟದ ಅಂಗಡಿಸಾಲಿನಲ್ಲಿ. ಅಲ್ಲಿ ಜಾಗ ಹಿಡಿಯಲು ಟೇಬಲ್ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋಗುತ್ತಾರೆ. ಅದಕ್ಕೆ ಚೋಪ್ ಮಾಡುವುದು ಎನ್ನುತ್ತಾರೆ. ಪೊಟ್ಟಣ ಇಲ್ಲದವರು ಛತ್ರಿ ಇಡುತ್ತಾರೆ. ಒಬ್ಬಳು ಫೋನನ್ನೇ ಇಟ್ಟು ಅನ್ನದ ಸಾಲಿಗೆ ನಿಂತಳು. ಹತ್ತು ನಿಮಿಷ. ನನ್ನ ಕಣ್ಣೆಲ್ಲ ಆ ಫೋನಿನ ಮೇಲೆ, ಅವಳಿಗೆ ಅದರ ನೆನಪೇ ಇದ್ದಂತಿರಲಿಲ್ಲ. ಹನ್ನೊಂದು ವರ್ಷದ ಮೇಲೆ ಈಗ ನಾನೂ ಇಡುತ್ತೇನೆ.

ಆದರೆ ಅದೇ ಊರಿನಲ್ಲಿ, ಅದೇ ಫೋನನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ನನ್ನ ಆಫೀಸಿನಲ್ಲಿ ಹದಿನೈದು ವರ್ಷ ಪಕ್ಕಪಕ್ಕ ಕೂತವರು ಒಬ್ಬರ ಫೋನು ಇನ್ನೊಬ್ಬರು ಮುಟ್ಟಿದ್ದನ್ನು ನೋಡಿಲ್ಲ. ನಮ್ಮಲ್ಲಿ ಇದು ಪೂರ್ತಿ ತಲೆಕೆಳಗು. ಶಿರಸಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಫೋನು ಬಿಟ್ಟು ನೀರು ಕುಡಿದು ಬಾ ಎಂದರೆ ಯಾರೂ ಒಪ್ಪುವುದಿಲ್ಲ. "ಸ್ವಲ್ಪ ನೋಡಿಕೊಡಾ ತಮ್ಮ" ಎಂದು ಪಿನ್ ನಂಬರನ್ನೂ ಸೇರಿಸಿ ಅಂಗಡಿಯವನ ಕೈಗೆ ಕೊಡಲು ಮಾತ್ರ ಎರಡನೇ ಯೋಚನೆ ಇಲ್ಲ. ಅವರದು ಗುರುತಿಲ್ಲದ ಊರಿನ ಮೇಲಿನ ನಂಬಿಕೆ, ನಮ್ಮದು ಗುರುತಿನ ಮುಖದ ಮೇಲಿನದು. ಊರಿನ ಈ ಅಭ್ಯಾಸ ಕಂಡರೆ ನನಗೆ ಮೈ ಉರಿಯುತ್ತದೆ, ಮೊದಲಿನಿಂದಲೂ. ಗುಟ್ಟು ಎಂಬ ಶಬ್ದ ಇರುವುದೇ "ಯಾರಿಗೂ ಹೇಳಡ" ಎಂದು ಮುಂದಿನವರಿಗೆ ದಾಟಿಸಲಿಕ್ಕೆ ಎಂದುಕೊಂಡ ಜನ ನಾವು. ಗುಟ್ಟು ಕಾಯಲು ಬಾರದವರ ಕೈಗೆ, ಗುಟ್ಟೊಂದೇ ಬೀಗವಾಗಿರುವ ಆಟಿಕೆ ಯಾಕೆ?

ಸಿಂಗಾಪುರದ ಸರ್ಕಾರವೂ ಸುಮ್ಮನೆ ಕೂರುವುದಿಲ್ಲ. 2022ರ ಜನವರಿಯಲ್ಲಿ ಒಂದೇ ತಿಂಗಳೊಳಗೆ ಎರಡು ಕೆಲಸ ಆದದ್ದು ನೆನಪಿದೆ. ಒಂದು, ಕ್ರಿಪ್ಟೋ ಕಂಪನಿಗಳು ಬಸ್ಸು, ರೈಲು, ಬೀದಿಯಲ್ಲಿ ಜಾಹೀರಾತು ಹಾಕಬಾರದೆಂದು ಅಲ್ಲಿನ ಕೇಂದ್ರ ಬ್ಯಾಂಕು ಹೇಳಿತು. ಮಾಲ್‌ಗಳಲ್ಲಿದ್ದ ಕ್ರಿಪ್ಟೋ ಎಟಿಎಂಗಳು ಬಾಗಿಲು ಹಾಕಿದವು. ಎರಡು, ಬ್ಯಾಂಕಿನ ಹೆಸರಿನ ಸುಳ್ಳು ಎಸ್‌ಎಂಎಸ್ ನಂಬಿ ನೂರಾರು ಜನ ದುಡ್ಡು ಕಳಕೊಂಡದ್ದಕ್ಕೆ, ಬ್ಯಾಂಕುಗಳು ಗ್ರಾಹಕರಿಗೆ ಲಿಂಕ್ ಇರುವ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಬೇಕಾಯಿತು. ಹೊಸ ಫೋನಿನಲ್ಲಿ ಬ್ಯಾಂಕಿನ ಟೋಕನ್, ಅಂದರೆ ವ್ಯವಹಾರಕ್ಕೆ ಒಪ್ಪಿಗೆ ಕೊಡುವ ಡಿಜಿಟಲ್ ಕೀಲಿ, ಚಾಲೂ ಆಗಲು ಕನಿಷ್ಠ ಹನ್ನೆರಡು ತಾಸು ಕಾಯಬೇಕು. ಆ ಹನ್ನೆರಡು ತಾಸು ನನಗೂ ಕಿರಿಕಿರಿಯೇ. ಆದರೆ ಹನ್ನೆರಡು ಶಬ್ದದ ವಾಲೆಟ್ಟಿಗೆ ಹನ್ನೆರಡು ಸೆಕೆಂಡಿನ ತಡೆಯೂ ಇಲ್ಲವಲ್ಲ.

ಇದನ್ನೆಲ್ಲ ಭಾವನ ಮುಂದೆ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವನು ಸೊಸೈಟಿಯ ಡೈರಿ ತೆಗೆದು, "ನೀ ಹೇಳದು ಸರಿ ಇಕ್ಕು. ಆದ್ರೆ ಆ ಮುಳುಗಿದ ಕಂಪನಿದು ನಿಂಗಳ ಊರ ಕೋರ್ಟಿಗೆ ಹೋಯ್ದಡ, ಅಲ್ದ?" ಎಂದ.

ಅವನು ಹೇಳಿದ್ದು ಕ್ರಿಪ್ಟೋ ಕೊಳ್ಳುವ, ಮಾರುವ ವಜೀರ್‌ಎಕ್ಸ್ ಎಂಬ ಸಂಸ್ಥೆಯ ವಿಷಯ. ನಮ್ಮ ಜಿಲ್ಲೆಯವರಿಗೆ ಆ ವಾರ ಮರೆಯುವುದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಊರಿನವರೆಲ್ಲ ಗಂಗಾವಳಿಯ ಸುದ್ದಿ ನೋಡುತ್ತ ಕೂತಿದ್ದಾಗ, 18ಕ್ಕೆ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರಿನ ಕ್ರಿಪ್ಟೋ ಮಾಯವಾಯಿತು. ಭಾವನದೇನೂ ಅದರಲ್ಲಿರಲಿಲ್ಲ. ಆದರೆ ಅದರ ಸುದ್ದಿ ಕೇಳಿಯೇ ಅವನು ಕಂಪನಿಯವರ ಕೈಯಲ್ಲಿ ಬಿಡುವುದು ಬೇಡ, ಸ್ವಂತ ವಾಲೆಟ್ ಆಗಲಿ ಎಂದು ಅಂಗಡಿ ಮಾಣಿಯ ಹತ್ತಿರ ಹೋಗಿದ್ದು. ಅಷ್ಟರಮಟ್ಟಿಗೆ ಅವನ ಬುದ್ಧಿ ಸರಿಯಾದ ದಿಕ್ಕಿಗೇ ಓಡಿತ್ತು. ಆ ಸಂಸ್ಥೆಯ ಹಿಂದಿದ್ದ ಕಂಪನಿ ಸಿಂಗಾಪುರದ್ದೇ, ಗ್ರಾಹಕರಿಗೆ ಎಷ್ಟು ಮರಳಬೇಕೆಂಬ ಯೋಜನೆ ಹೋದದ್ದೂ ಅಲ್ಲಿಯ ಹೈಕೋರ್ಟಿಗೇ. ನಾನು ಆ ಕಟ್ಟಡದ ಹತ್ತಿರವೇ ದಿನಾ ರೈಲು ಬದಲಿಸುತ್ತೇನೆ. 2022ರ ಮೇ ತಿಂಗಳಲ್ಲಿ ಲೂನಾ ಕಾಯಿನ್ ನೆಲಕಚ್ಚಿತಲ್ಲ, ಅದನ್ನು ತಂದ ಟೆರ್ರಾಫಾರ್ಮ್ ಲ್ಯಾಬ್ಸ್ ನೋಂದಣಿ ಆಗಿದ್ದೂ ಸಿಂಗಾಪುರದಲ್ಲಿ. ಟಿಶ್ಯೂ ಪೊಟ್ಟಣ ಯಾರೂ ಕದಿಯದ ಊರು.

ಇನ್ನೊಂದು ಮಾತನ್ನು ಭಾವ ತಾನಾಗಿ ಹೇಳಲಿಲ್ಲ, ಅಕ್ಕ ಹೇಳಿದಳು. ಹೋದ ಮಳೆಗಾಲದಲ್ಲಿ ಒಂದು ದಿನ ಭಾವನ ಆ್ಯಪ್‌ನಲ್ಲಿ ಕಾಯಿನ್ ಸೊನ್ನೆ ಎಂದು ತೋರಿಸಿತಂತೆ. ಗಾಬರಿಯಾಗಿ ಟೆಲಿಗ್ರಾಂನಲ್ಲಿ ಸಹಾಯ ಕೇಳಿದ್ದಾನೆ. ಎರಡೇ ನಿಮಿಷಕ್ಕೆ ಆ್ಯಪ್‌ನ ಲಾಂಛನ ಹಾಕಿಕೊಂಡ ಒಬ್ಬ ಕಸ್ಟಮರ್ ಸಪೋರ್ಟಿನವ ಬಂದು, ಹನ್ನೆರಡು ಶಬ್ದವನ್ನು ಈ ಫಾರ್ಮಿನಲ್ಲಿ ತುಂಬಿ ಎಂದಿದ್ದಾನೆ. ಕನ್ನಡಕ ಮನೆಯಲ್ಲಿ ಬಿಟ್ಟಿದ್ದ ಭಾವ, ತುಂಬಿಕೊಡು ಎಂದು ಅಂಗಡಿ ಮಾಣಿಯ ಕೈಗೆ ಫೋನು ಕೊಟ್ಟಿದ್ದಾನೆ. ಅವನು ನೋಡಿ, ಫಾರ್ಮು ಮುಚ್ಚಿ, ಆ ಗಿರಾಕಿಯನ್ನು ಬ್ಲಾಕ್ ಮಾಡಿ, ಆ್ಯಪ್ ಅಪ್‌ಡೇಟ್ ಮಾಡಿಕೊಟ್ಟು, "ಹೆಗಡೇರೆ, ಇದನ್ನ ಯಾರು ಕೇಳಿದ್ರೂ ಕೊಡಬ್ಯಾಡಿ" ಎಂದನಂತೆ. ಕಾಯಿನ್ ಇದ್ದಲ್ಲೇ ಇತ್ತು. ಆ ಮಾಣಿಯ ಗ್ಯಾಲರಿಯಲ್ಲಿ ಆಗಲೂ ಆ ಹನ್ನೆರಡು ಶಬ್ದ ಇದ್ದವು, ಈಗಲೂ ಇವೆ. ಒಂದು ಪೈಸೆ ಅಲ್ಲಾಡಿಲ್ಲ.

ನಾನು ಸುಮ್ಮನಾದೆ. ಯಾಕೆಂದರೆ ನನಗೆ ನೆನಪಾದದ್ದು ಸಿಂಗಾಪುರದಲ್ಲಿರುವ ಧಾರವಾಡದ ಕಡೆಯ ಗೆಳೆಯ. ಶಬ್ದಗಳನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಟ್ಟವನು, ನಿಯಮ ಮುರಿದವನಲ್ಲ. ಒಂದು ರಾತ್ರಿ ಹನ್ನೊಂದರ ಮೇಲೆ ಯಾವುದೋ ಸೈಟು ವಾಲೆಟ್ ಜೋಡಿಸಿ ಅನುಮತಿ ಕೊಡಿ ಎಂದಿತು. ಒತ್ತಿದ. ಆ ಒಂದು ಒತ್ತಿನಲ್ಲಿ, ಖಾತೆಯಿಂದ ಬೇಕಾದಷ್ಟು ತೆಗೆದುಕೊಳ್ಳಬಹುದೆಂಬ ಒಪ್ಪಿಗೆ ಇತ್ತು. ಬೆಳಗಾಗುವುದರೊಳಗೆ ಖಾಲಿ. ಕೇಳೋಣವೆಂದರೆ ಆ ಹೊತ್ತಿನಲ್ಲಿ ಅವನ ಪಕ್ಕ ಯಾರೂ ಇರಲಿಲ್ಲ. ನನಗೆ ಹೇಳಿದ್ದು ನಾಲ್ಕು ತಿಂಗಳ ಮೇಲೆ. ಹೆಂಡತಿಗೆ ಇನ್ನೂ ಹೇಳಿಲ್ಲ.

ಹಾಗೆಂದು ಹತ್ತು ಕೈ ಸೇರಿದರೆ ಭದ್ರ ಎಂದೂ ಅಲ್ಲ. ವಜೀರ್‌ಎಕ್ಸ್‌ನಲ್ಲಿ ಕಳುವಾದ ವಾಲೆಟ್ಟಿಗೆ ಆರು ಸಹಿದಾರರಿದ್ದರು. ಪರದೆಯ ಮೇಲೆ ಕಂಡದ್ದೊಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿಯೇ ಹೇಳಿತು. ನಾನು ಈ ಮಾತು ತೆಗೆದು ಮತ್ತೆ ವಾದಕ್ಕೆ ಇಳಿದೆ. ಅಂಗಡಿ ಮಾಣಿ ಇವತ್ತು ಒಳ್ಳೆಯವನು, ನಾಳೆ ಅವನ ಫೋನು ಕಳುವಾದರೆ? ಭಾವ ಇದಕ್ಕೆ ಉತ್ತರ ಕೊಡಲಿಲ್ಲ. ತಿರುಗಿ ನನ್ನ ವಾಲೆಟ್ಟಿನ ಬಗ್ಗೆ ಕೇಳಿದ.

"ನಿನ್ನ ಹನ್ನೆರಡು ಶಬ್ದ ಯಾರಿಗೆಲ್ಲ ಗೊತ್ತಿದ್ದು?"

"ಯಾರಿಗೂ ಇಲ್ಲೆ."

"ನಿನ್ನ ಹೆಂಡ್ತಿಗೆ?"

"ಇಲ್ಲೆ."

"ನಾಳೆ ನಿಂಗೆ ಎಂತಾದ್ರೂ ಆದ್ರೆ?"

ಕೆನಡಾದ ಕ್ವಾಡ್ರಿಗಾ ಎಂಬ ಕ್ರಿಪ್ಟೋ ಕಂಪನಿಯ ಯಜಮಾನ 2018ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ನಮ್ಮ ಜೈಪುರದಲ್ಲಿ. ಬೀಗದಕೈ ಅವನೊಬ್ಬನಿಗೇ ಗೊತ್ತಿತ್ತೆಂದು ಕಂಪನಿ ಕೈಚೆಲ್ಲಿತು. ಆಮೇಲೆ ಕೆನಡಾದ ತನಿಖೆ ಅದು ಬರೇ ಮರೆತ ಪಾಸ್‌ವರ್ಡಿನ ಕಥೆಯಲ್ಲ, ಮೋಸವೆಂದಿತು. ಭಾವನಿಗೆ ಇದನ್ನು ಹೇಳಲು ಬಾಯಿ ತೆರೆದವನು, ಇದು ಯಾರ ಪರವಾದ ಸಾಕ್ಷಿ ಎಂದು ಹೊಳೆದು ಮುಚ್ಚಿದೆ. ಹೆಂಡತಿಗೆ ಹೇಳಬೇಕು. ಇನ್ನೂ ಹೇಳಿಲ್ಲ.

ಮರುದಿನ ಹೊಸ ವಾಲೆಟ್ ಮಾಡಿ, ಕಾಯಿನ್ ಅತ್ತ ಸಾಗಿಸಿ, ಹಳೆಯದನ್ನು ಖಾಲಿ ಮಾಡಿಸಿದೆ. ಹೊಸ ಶಬ್ದಗಳನ್ನು ಕಾಗದದಲ್ಲೇ ಬರೆಸಿದೆ, ಎರಡು ಪ್ರತಿ. ಫೋಟೊ ಇಲ್ಲ, ಗ್ರೂಪ್ ಇಲ್ಲ. ಒಂದನ್ನು ಅಕ್ಕ ದೇವರ ಪೆಟ್ಟಿಗೆಯಲ್ಲಿ, ಜಾತಕಗಳ ಅಡಿಗೆ ಇಟ್ಟಳು. ಮಧ್ಯಾಹ್ನ ಊಟಕ್ಕೆ ಕೂತ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ, "ತಮ್ಮಾ, ಆ ಚೀಟಿಗೆ ಪ್ಲಾಸ್ಟಿಕ್ ಸುತ್ತಿ ಇಡ್ರಿ, ಮಳೆಗಾಲದಲ್ಲಿ ಒರಲೆ ಹಿಡೀತದೆ" ಎಂದು ಸಲಹೆ ಕೊಟ್ಟ.

ಸಿಂಗಾಪುರಕ್ಕೆ ಮರಳಿ ಮೂರು ವಾರದ ಮೇಲೆ ಭಾವನಿಗೆ ಫೋನು ಮಾಡಿದೆ. ಎತ್ತಿದ್ದು ಗುರುತಿಲ್ಲದ ದನಿ.

"ಹಲೋ, ಹೆಗಡೇರು ಸೊಸೈಟಿಗೆ ಹೋಗಿದ್ರು. ಫೋನ್ ಚಾರ್ಜಿಗೆ ಹಾಕು ಅಂತ ಅಂಗಡೀಲಿ ಬಿಟ್ಟು ಹೋಗಿದ್ರು. ನೀವು ಸಿಂಗಾಪುರದವ್ರಲ್ವ? ಏನಾರೂ ಹೇಳೋದಿತ್ತಾ?"